ಚಳಿ ಇಬ್ಬರಿಗೂ ಒಂದೇ ಅಲ್ಲವೇ?

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ಉತ್ತರ ಧ್ರುವದ ಕಡೆಯ ಕರಾವಳಿಗಳ ಮೇಲೆ ನಡೆದ ದಾಳಿಗಳನ್ನು ಕುರಿತು ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ‘ಅಲ್ಲಿ ಸೈನ್ಯಗಳನ್ನು ಸೋಲಿಸಿದ್ದು ಚಳಿ’ ಎಂದು ಕೊನೆಯಲ್ಲಿ ಇದೆ. ಚಳಿ ಇಬ್ಬರಿಗೂ ಒಂದೇ ಅಲ್ಲವೇ? ಒಬ್ಬನನ್ನು ಸೋಲಿಸಿ ಇನ್ನೊಬ್ಬನನ್ನು ಹೇಗೆ ಉಳಿಸುತ್ತದೆ? ಜನವೇ ಇಲ್ಲದ ತೀರವನ್ನು ಹಿಡಿಯುವುದು ಅಷ್ಟು ಕಷ್ಟವೇಕೆ? ನನ್ನ ಮಗ ಸೇನೆಯ ಸರಬರಾಜು ವಿಭಾಗದಲ್ಲಿ ಲಾರಿ ಓಡಿಸುತ್ತಾನೆ, ಈಗ ಲಡಾಖ್‌ನಲ್ಲಿದ್ದಾನೆ. ನಿಮ್ಮ ಲೇಖನದಲ್ಲಿ ಜನರಲ್‌ಗಳಿದ್ದಾರೆ, ಹಡಗುಗಳಿವೆ. ನನ್ನ ಮಗನಂಥವರು ಒಬ್ಬರೂ ಇಲ್ಲ. ಹೆಸರು ಹಾಕಬೇಡಿ.
ಓದುಗರು, ಚಳ್ಳಕೆರೆ ತಾಲ್ಲೂಕು

ಸಂಪಾದಕರ ಉತ್ತರ:

ಅಮ್ಮ, ನೀವು ಎತ್ತಿ ತೋರಿಸಿದ ಆ ಸಾಲು ಲೇಖಕರದಲ್ಲ, ನನ್ನದು. ಪುಟ ಕಟ್ಟುವಾಗ ಲೇಖನದ ಕೊನೆಯಲ್ಲಿ ಒಂದು ಸಾಲಿನ ಜಾಗ ಉಳಿದಿತ್ತು. ಓದಿದವರ ಮನಸ್ಸಿನಲ್ಲಿ ಉಳಿಯುವ ಮಾತಾಗಲಿ ಎಂದು ನಾನೇ ಬರೆದು ಸೇರಿಸಿದೆ. ನಿಮ್ಮ ಪತ್ರ ಬಂದ ಮೇಲೆ ಹತ್ತು ದಿನ ಹಳೆಯ ಟಿಪ್ಪಣಿಗಳನ್ನೆಲ್ಲ ಹರಡಿಕೊಂಡು ಕುಳಿತೆ. ಆ ಸಾಲು ತಪ್ಪು. ಎಲ್ಲಿ ತಪ್ಪು ಎಂದು ಹೇಳಲು ಸ್ವಲ್ಪ ಉದ್ದವಾಗಿಯೇ ಬರೆಯಬೇಕಾಗಿದೆ.

ಅಟ್ಟು ಎಂಬ ದ್ವೀಪದಿಂದ ಆರಂಭಿಸುತ್ತೇನೆ, ನನ್ನ ಸಾಲು ಹುಟ್ಟಿದ್ದು ಅಲ್ಲಿಯೇ. ಅಲಾಸ್ಕಾದಿಂದ ಪಶ್ಚಿಮಕ್ಕೆ, ಸರ ಹರಿದು ಮಣಿಗಳು ಚೆಲ್ಲಿದ ಹಾಗೆ ಅಲ್ಯೂಷಿಯನ್ ದ್ವೀಪಗಳು ಹರಡಿಕೊಂಡಿವೆ. ಅಮೆರಿಕಕ್ಕೆ ಸೇರಿದ ಕೊನೆಯ ಮಣಿ ಅಟ್ಟು. ಅಲಾಸ್ಕಾದ ಮುಖ್ಯ ಭೂಭಾಗದಿಂದ ಸುಮಾರು 1,700 ಕಿಲೋಮೀಟರ್ ದೂರ. ಎರಡನೆಯ ಮಹಾಯುದ್ಧದಲ್ಲಿ, 1942ರ ಜೂನ್ 7ರಂದು, ಜಪಾನಿನ ಸೈನಿಕರು ಅದನ್ನು ಹಿಡಿದರು. ಅದಕ್ಕೆ ಒಂದು ಬೆಳಗು ಸಾಕಾಯಿತು. ಅಲ್ಲಿದ್ದದ್ದು ನಲವತ್ತು ಚಿಲ್ಲರೆ ಜನರ ಒಂದು ಪುಟ್ಟ ಊರು, ಕಾವಲಿಗೆ ಒಬ್ಬ ಸೈನಿಕನೂ ಇರಲಿಲ್ಲ.

ಮರುವರ್ಷ ಅಮೆರಿಕ ಅದನ್ನು ಬಿಡಿಸಿಕೊಳ್ಳಲು ಹೊರಟಿತು. ಕಳುಹಿಸಿದ್ದು ಏಳನೆಯ ಪದಾತಿ ಡಿವಿಷನ್ನನ್ನು. ಆ ಸೈನಿಕರು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ, ಉತ್ತರ ಆಫ್ರಿಕಾದ ಯುದ್ಧಕ್ಕೆಂದು ತರಬೇತಾದವರು. ಮೂರು ದಿನದ ಕೆಲಸ ಎಂದು ಲೆಕ್ಕ ಹಾಕಿದ್ದರು. ಮಂಜು ಕವಿದದ್ದರಿಂದ ದಂಡೆಗೆ ಇಳಿಯುವುದೇ ನಾಲ್ಕು ದಿನ ತಡವಾಯಿತು. 1943ರ ಮೇ 11ರಂದು ಇಳಿದಾಗ ದಂಡೆಯ ಮೇಲೆ ತಡೆಯುವವರು ಯಾರೂ ಇರಲಿಲ್ಲ. ಜಪಾನಿನ ಕರ್ನಲ್ ಯಾಮಾಸಾಕಿ ತನ್ನವರನ್ನು ಮಂಜಿನ ಮರೆಯ ಎತ್ತರಗಳಲ್ಲಿ ಕೂರಿಸಿ ಕಾಯುತ್ತಿದ್ದ.

ಇಳಿದವರಿಗೆ ಮೊದಲು ಎದುರಾದದ್ದು ನೆಲ. ಅಲ್ಲಿನ ಬಯಲು ನೋಡಲು ಹುಲ್ಲುಗಾವಲಿನಂತೆ ಇದೆ. ಹುಲ್ಲಿನ ಕೆಳಗೆ ಇರುವುದು ನೀರು ಕುಡಿದ ಪಾಚಿಯ ದಪ್ಪ ಹಾಸು, ಅದರ ಕೆಳಗೆ ಕೆಸರು. ಸರಂಜಾಮು ಹೊತ್ತ ವಾಹನಗಳು ದಂಡೆ ದಾಟಿದ ಕೂಡಲೇ ಗಾಲಿಯವರೆಗೆ ಹೂತವು. ಮುಂದಿನ ಸಾಗಣೆಗೆ ಮನುಷ್ಯರೇ ಗತಿ. ಸೈನಿಕರು ಸಾಲಾಗಿ ನಿಂತು ಗುಂಡಿನ ಪೆಟ್ಟಿಗೆಗಳನ್ನು, ಆಹಾರದ ಡಬ್ಬಿಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಗುಡ್ಡ ಹತ್ತಿಸಿದರು. ಗಾಯಗೊಂಡವರು ಅದೇ ದಾರಿಯಲ್ಲಿ ಕೆಳಗೆ ಬಂದರು. ಹೀಗೆ ಹೊರಲು ನಿಂತವನು ಬಂದೂಕು ಹಿಡಿಯಲಾರ. ಮೂರು ದಿನದ ಕೆಲಸ ಸುಮಾರು ಮೂರು ವಾರ ಹಿಡಿಯಿತು.

ಕಾಲಿನ ವಿಷಯ ಹೇಳಲೇಬೇಕು. ಮೇ ತಿಂಗಳ ಅಟ್ಟುವಿನಲ್ಲಿ ಎಲುಬು ಸೀಳುವಂಥ ಹಿಮಗಾಲದ ಚಳಿ ಇರುವುದಿಲ್ಲ. ಉಷ್ಣಾಂಶ ಸೊನ್ನೆಯ ಆಚೀಚೆ ಇರುತ್ತದೆ. ಮಳೆ, ಮಂಜು, ಕರಗುವ ಹಿಮ ಒಂದರ ಹಿಂದೆ ಒಂದು ಬರುತ್ತವೆ. ಒಣ ಚಳಿಗಿಂತ ಈ ಒದ್ದೆ ಚಳಿ ಹೆಚ್ಚು ಮೋಸದ್ದು. ತೊಗಲಿನ ಬೂಟು ನೀರು ಕುಡಿಯುತ್ತದೆ. ಒದ್ದೆ ಪಾದವನ್ನು ಹಾಗೆಯೇ ಬಿಟ್ಟರೆ ರಕ್ತ ಸಂಚಾರ ಕುಂದಿ ಮರಗಟ್ಟುತ್ತದೆ, ಊದಿಕೊಳ್ಳುತ್ತದೆ, ಕೊನೆಗೆ ಮಾಂಸ ಕೊಳೆಯುತ್ತದೆ. ನೀರು ಹೆಪ್ಪುಗಟ್ಟುವಷ್ಟು ಚಳಿಯೂ ಇದಕ್ಕೆ ಬೇಕಿಲ್ಲ. ಚಳ್ಳಕೆರೆಯವರಿಗೆ ಉಣ್ಣೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಕುರಿ ಕಾಯುವವರನ್ನು ಕೇಳಿದರೆ, ಕಂಬಳಿ ನೆನೆದು ಭಾರವಾದರೂ ಮೈ ಬೆಚ್ಚಗಿಡುತ್ತದೆ, ಹತ್ತಿ ಬಟ್ಟೆ ನೆನೆದರೆ ಮೈ ಕಾವನ್ನೇ ಹೀರುತ್ತದೆ ಎನ್ನುತ್ತಾರೆ. ಒಂದು ಡಿವಿಷನ್ನಿಗೆ ಬಟ್ಟೆಬರೆ ಹೊಂದಿಸಿದವರಿಗೆ ಆ ದ್ವೀಪದ ಬಗ್ಗೆ ಅಷ್ಟು ತಿಳಿವಳಿಕೆಯೂ ಇರಲಿಲ್ಲ.

ಅಟ್ಟುವಿನಲ್ಲಿ ಸತ್ತ ಅಮೆರಿಕನ್ ಸೈನಿಕರು 549. ಗುಂಡು, ಸಿಡಿಗುಂಡಿನಿಂದ ಗಾಯಗೊಂಡವರು 1,148. ಚಳಿಯಿಂದ ಕೈಕಾಲು ಕೆಟ್ಟವರು ಸುಮಾರು 1,200. ಈ ಕೊನೆಯ ಅಂಕಿಯನ್ನು ನೋಡಿಯೇ ನಾನು ‘ಸೋಲಿಸಿದ್ದು ಚಳಿ’ ಎಂದು ಬರೆದದ್ದು. ಆದರೆ ಅಟ್ಟುವಿನಲ್ಲಿ ಸೋತದ್ದು ಯಾರು? ಅಮೆರಿಕನ್ನರು ಗೆದ್ದರು. ಚಳಿಗಾಲವಿಡೀ ಅಲ್ಲಿಯೇ ಇದ್ದು, ಗುಂಡಿ ತೋಡಿ, ಚಳಿಗೆ ಒಗ್ಗಿಕೊಂಡಿದ್ದ ಜಪಾನಿನವರು ಸೋತರು. 2,300ಕ್ಕೂ ಹೆಚ್ಚು ಜನ ಸತ್ತರು, ಜೀವಂತ ಸೆರೆಸಿಕ್ಕವರು 28 ಮಂದಿ. ನಿಮ್ಮ ಪ್ರಶ್ನೆಯ ಮುಂದೆ ನನ್ನ ಸಾಲು ಬಿದ್ದುಹೋಗುವುದು ಇಲ್ಲಿಯೇ.

ಅಟ್ಟುವಿನ ಜಪಾನಿನವರ ಹಣೆಬರಹ ನಿರ್ಧಾರವಾದದ್ದು ಅಮೆರಿಕನ್ನರು ಇಳಿಯುವುದಕ್ಕೆ ಆರು ವಾರ ಮೊದಲು. 1943ರ ಮಾರ್ಚ್ 26ರಂದು ಕೊಮಾಂಡೋರ್ಸ್ಕಿ ದ್ವೀಪಗಳ ಬಳಿ ಸಮುದ್ರದಲ್ಲಿ ಒಂದು ಕಾಳಗ ನಡೆಯಿತು. ಎರಡೂ ಕಡೆ ದೊಡ್ಡ ನಷ್ಟವಾಗಲಿಲ್ಲ, ಆದರೆ ದ್ವೀಪಕ್ಕೆ ಸರಂಜಾಮು ತರುತ್ತಿದ್ದ ಜಪಾನಿನ ಹಡಗುಗಳು ಹಿಂದಿರುಗಿದವು. ಆಮೇಲೆ ಜಲಾಂತರ್ಗಾಮಿಗಳು ಕದ್ದು ತಂದಷ್ಟೇ. ಮೇ 29ರ ನಸುಕಿನಲ್ಲಿ ಯಾಮಾಸಾಕಿ ಉಳಿದವರನ್ನೆಲ್ಲ ಕಟ್ಟಿಕೊಂಡು ಅಮೆರಿಕನ್ನರ ಮೇಲೆ ಬಿದ್ದ. ಅವನ ಕಣ್ಣಿದ್ದದ್ದು ಅವರ ಫಿರಂಗಿಗಳ ಮೇಲೆ, ಅವರ ದಾಸ್ತಾನಿನ ಮೇಲೆ.

ನೆರೆಯ ಕಿಸ್ಕಾ ದ್ವೀಪದ್ದು ಇನ್ನೊಂದು ಬಗೆ. ಜುಲೈ 28ರಂದು ದಟ್ಟ ಮಂಜಿನ ಮರೆಯಲ್ಲಿ ಜಪಾನ್ ತನ್ನ 5,000ಕ್ಕೂ ಹೆಚ್ಚು ಸೈನಿಕರನ್ನು ಒಂದು ಗಂಟೆಯೊಳಗೆ ಹಡಗಿಗೆ ಹತ್ತಿಸಿಕೊಂಡು ಹೊರಟುಹೋಯಿತು. ಇದು ಗೊತ್ತಾಗದೆ ಆಗಸ್ಟ್ 15ರಂದು ಸುಮಾರು 34,000 ಅಮೆರಿಕನ್ ಮತ್ತು ಕೆನಡಾದ ಸೈನಿಕರು ಬರಿದಾದ ದ್ವೀಪದ ಮೇಲೆ ದಾಳಿ ಮಾಡಿದರು. ಮಂಜಿನಲ್ಲಿ ತಮ್ಮವರ ಮೇಲೆ ತಾವೇ ಗುಂಡು ಹಾರಿಸಿಕೊಂಡರು. ಆಬ್ನರ್ ರೀಡ್ ಎಂಬ ಯುದ್ಧನೌಕೆ ನೀರಿನ ಸಿಡಿಗುಂಡಿಗೆ ತಗುಲಿ ಸುಮಾರು 70 ನಾವಿಕರು ಸತ್ತರು. ಎದುರಿಗೆ ಒಬ್ಬ ಶತ್ರುವೂ ಇರಲಿಲ್ಲ.

ಈಗ ನಾರ್ವೆಗೆ ಬರೋಣ. ಅಲ್ಲಿನ ಉತ್ತರ ಭಾಗದಲ್ಲಿ ನಾರ್ವಿಕ್ ಎಂಬ ಬಂದರಿದೆ. ಸ್ವೀಡನ್ನಿನ ಕಿರುನಾ ಗಣಿಯ ಕಬ್ಬಿಣದ ಅದಿರು ರೈಲಿನಲ್ಲಿ ಅಲ್ಲಿಗೆ ಬರುತ್ತದೆ. ಸ್ವೀಡನ್ನಿನ ಸ್ವಂತ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ನಾರ್ವಿಕ್ ಹೆಪ್ಪುಗಟ್ಟುವುದಿಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಅಲ್ಲಿಯವರೆಗೆ ಹರಿಯುತ್ತದೆ. ಅದಿರಿನ ಲಾರಿಗಳ ಹಿಂದೆ ಧೂಳು ಕುಡಿದ ನಮ್ಮ ಜಿಲ್ಲೆಯವರಿಗೆ ಇಂಥ ಬಂದರಿನ ಬೆಲೆ ಬೇಗ ತಿಳಿಯುತ್ತದೆ. 1940ರ ಏಪ್ರಿಲ್ 9ರಂದು ಜರ್ಮನಿಯ ಹತ್ತು ಡಿಸ್ಟ್ರಾಯರ್ ಹಡಗುಗಳು ಸುಮಾರು 2,000 ಪರ್ವತ ಸೈನಿಕರನ್ನು ಅಲ್ಲಿ ಇಳಿಸಿದವು. ಬಂದರು ಆ ಬೆಳಿಗ್ಗೆಯೇ ಕೈವಶ. ಆದರೆ ಹಡಗುಗಳು ಹಿಂದಿರುಗಲು ಎಣ್ಣೆ ಬೇಕಲ್ಲ? ಬರಬೇಕಾಗಿದ್ದ ಎರಡು ಎಣ್ಣೆ ಹಡಗುಗಳ ಪೈಕಿ ತಲುಪಿದ್ದು ಒಂದೇ. ಸರದಿಯಲ್ಲಿ ನಿಂತು ಎಣ್ಣೆ ತುಂಬಿಸಿಕೊಳ್ಳುತ್ತಿದ್ದಾಗ ಬ್ರಿಟಿಷ್ ನೌಕೆಗಳು ಬಂದವು. ಏಪ್ರಿಲ್ 10 ಮತ್ತು 13ರ ಎರಡು ಕಾಳಗಗಳಲ್ಲಿ ಹತ್ತಕ್ಕೆ ಹತ್ತೂ ಹೋದವು.

ಆ ಪರ್ವತ ಸೈನಿಕರ ನಾಯಕ ಜನರಲ್ ಡೀಟ್ಲ್. ಮರುವರ್ಷ, 1941ರ ಜೂನ್ 29ರಂದು, ಅದೇ ಡೀಟ್ಲ್‌ನನ್ನು ರಷ್ಯಾದ ಮುರ್ಮಾನ್ಸ್ಕ್ ಬಂದರನ್ನು ಹಿಡಿಯಲು ಕಳುಹಿಸಿದರು. ಅವನ ಕೈಯಲ್ಲಿದ್ದ ನಕ್ಷೆಯಲ್ಲಿ ರಸ್ತೆಗಳಿದ್ದವು. ಹೋಗಿ ನೋಡಿದರೆ ಕೆಲವು ತಂತಿ ಕಂಬಗಳ ಸಾಲು, ಕೆಲವು ಹಿಮಸಾರಂಗ ಮೇಯಿಸುವವರ ಕಾಲುದಾರಿ. ನಕ್ಷೆ ಓದಿದವರು ಗೆರೆಗಳನ್ನು ರಸ್ತೆ ಎಂದುಕೊಂಡಿದ್ದರು. ಬಂಡೆ ಮತ್ತು ಜೌಗಿನ ಆ ನಾಡಿನಲ್ಲಿ ಸೈನ್ಯ ಲಿಟ್ಸಾ ನದಿಯವರೆಗೆ ಹೋಗಿ ನಿಂತಿತು, ಮೂರು ವರ್ಷ ಅಲ್ಲಿಯೇ ನಿಂತಿತ್ತು. ಮುರ್ಮಾನ್ಸ್ಕ್ ಅವರಿಗೆ ಸಿಗಲೇ ಇಲ್ಲ. 1944ರ ಅಕ್ಟೋಬರ್‌ನಲ್ಲಿ ರಷ್ಯನ್ನರು ಅವರನ್ನು ಅಲ್ಲಿಂದ ಹೊರದಬ್ಬಿದರು.

ನದಿಯ ಆಚೆ ದಡಕ್ಕೂ ಈಚೆ ದಡಕ್ಕೂ ಚಳಿ ಒಂದೇ, ನೀವು ಹೇಳುವುದು ಸರಿ. ಆದರೆ ರಷ್ಯನ್ನರ ಬೆನ್ನ ಹಿಂದೆ ಹೆಪ್ಪುಗಟ್ಟದ ಬಂದರಿತ್ತು, ಮೊದಲ ಮಹಾಯುದ್ಧದ ಕಾಲದಲ್ಲಿ ಹಾಕಿದ ರೈಲು ಹಳಿ ಇತ್ತು. ಅವರ ರೊಟ್ಟಿ ರೈಲಿನಲ್ಲಿ ಬರುತ್ತಿತ್ತು. ಜರ್ಮನರ ರೊಟ್ಟಿ ನಾರ್ವೆಯ ಉದ್ದಕ್ಕೂ ಹಡಗಿನಲ್ಲಿ, ಜಲಾಂತರ್ಗಾಮಿಗಳ ಕಣ್ಣು ತಪ್ಪಿಸಿ ಬಂದು, ಆಮೇಲೆ ಹೇಸರಗತ್ತೆಗಳ ಮತ್ತು ಮನುಷ್ಯರ ಬೆನ್ನೇರಬೇಕಾಗಿತ್ತು. ಗಾಯಾಳುವನ್ನು ಹೊತ್ತು ತರುವುದಕ್ಕೂ ಅದೇ ದಾರಿ. ಒಂದೇ ಚಳಿಯಲ್ಲಿ ಬಿಸಿ ಗಂಜಿ ಕುಡಿದವನಿಗೂ ಕುಡಿಯದವನಿಗೂ ಇರುವ ವ್ಯತ್ಯಾಸ ಇದು.

ಹಾಗಾದರೆ ಮೊದಲೇ ಅಲ್ಲಿ ಇರುವವನೇ ಯಾವಾಗಲೂ ಗೆಲ್ಲುತ್ತಾನೆಯೇ ಎಂದು ನೀವು ಕೇಳಬಹುದು. ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ 1982ರಲ್ಲಿ ಅದು ತಿರುಗುಮುರುಗಾಯಿತು. ದಕ್ಷಿಣ ಅಟ್ಲಾಂಟಿಕ್‌ನ ಆ ಗಾಳಿಯ ದ್ವೀಪಗಳು ಅರ್ಜೆಂಟೀನಾಕ್ಕೆ ಸುಮಾರು 500 ಕಿಲೋಮೀಟರ್. ಬ್ರಿಟನ್ನಿಗೆ ಸುಮಾರು 13,000. ಏಪ್ರಿಲ್ 2ರಂದು ಅರ್ಜೆಂಟೀನಾ ಅವನ್ನು ಹಿಡಿಯಿತು. ಚಳಿ ಬಲ್ಲ ತನ್ನ ಪಡೆಗಳನ್ನು ಚಿಲಿ ದೇಶದ ಗಡಿ ಕಾಯಲು ಬಿಟ್ಟು, ಕೊರಿಯೆಂಟೆಸ್‌ನಂಥ ಬಿಸಿಲು ಸೀಮೆಯ ಹುಡುಗರನ್ನು ದ್ವೀಪಕ್ಕೆ ಕಳುಹಿಸಿತು. ಅವರಲ್ಲಿ ಬಹಳ ಮಂದಿ ಕಡ್ಡಾಯ ಸೇವೆಗೆ ಬಂದ ಹದಿನೆಂಟು, ಹತ್ತೊಂಬತ್ತು ವರ್ಷದವರು. ಮೇ 2ರಂದು ಜನರಲ್ ಬೆಲ್‌ಗ್ರಾನೋ ಎಂಬ ಹಡಗು ಮುಳುಗಿ 323 ಮಂದಿ ಸತ್ತ ಮೇಲೆ ಅರ್ಜೆಂಟೀನಾದ ನೌಕಾಪಡೆ ತೀರ ಬಿಟ್ಟು ಕದಲಲಿಲ್ಲ. ದ್ವೀಪದ ರಾಜಧಾನಿ ಸ್ಟ್ಯಾನ್ಲಿಗೆ ರಾತ್ರಿ ಹೊತ್ತು ಸರಕು ವಿಮಾನಗಳು ಬರುತ್ತಲೇ ಇದ್ದವು. ಊರಿನ ಗೋದಾಮುಗಳಲ್ಲಿ ಆಹಾರ ಇತ್ತು. ಕೆಲವೇ ಕಿಲೋಮೀಟರ್ ಆಚೆ, ಗುಡ್ಡದ ಮೇಲಿನ ನೀರು ತುಂಬಿದ ಗುಂಡಿಗಳಲ್ಲಿ ಕುಳಿತ ಹುಡುಗರಿಗೆ ಅದು ತಲುಪಲಿಲ್ಲ. ಹಸಿದು, ಪಾದ ಕೊಳೆತು ಅವರು ಕಾದರು. ಈ ಭಾಗವನ್ನು ಓದುವಾಗಲೆಲ್ಲ ನನಗೆ ಆ ಗೋದಾಮಿಗೂ ಗುಡ್ಡಕ್ಕೂ ನಡುವಿನ ದಾರಿಯೇ ಕಣ್ಣಿಗೆ ಕಟ್ಟುತ್ತದೆ. ನಿಮ್ಮ ಮಗನಂಥ ಹತ್ತು ಚಾಲಕರೂ, ಓಡುವ ದಾರಿಯೂ ಅವರಿಗಿದ್ದಿದ್ದರೆ ಎಂದು ಯೋಚಿಸುತ್ತೇನೆ.

ಬ್ರಿಟಿಷರದು ಸುಲಭವಾಗಿರಲಿಲ್ಲ. ದಕ್ಷಿಣ ಜಾರ್ಜಿಯಾ ದ್ವೀಪದ ಹಿಮನದಿಯ ಮೇಲೆ ಇಳಿದ ಅವರ ಒಂದು ತಂಡವನ್ನು ವಾಪಸ್ ಕರೆತರಲು ಹೋದ ಮೂರು ಹೆಲಿಕಾಪ್ಟರ್‌ಗಳಲ್ಲಿ ಎರಡು ಹಿಮಗಾಳಿಗೆ ದಿಕ್ಕು ಕಾಣದೆ ಉರುಳಿದವು. ಮೂರನೆಯದು ಎಲ್ಲರನ್ನೂ ಬದುಕಿಸಿ ತಂದಿತು. ದೊಡ್ಡ ಪೆಟ್ಟು ಬಿದ್ದದ್ದು ಮೇ 25ರಂದು. ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕು ಹಡಗಿಗೆ ಕ್ಷಿಪಣಿ ತಗುಲಿತು. ಒಂದೊಂದು ಸಲಕ್ಕೆ ಸುಮಾರು 10 ಟನ್ ಹೊರಬಲ್ಲ ಚಿನೂಕ್ ಹೆಲಿಕಾಪ್ಟರ್‌ಗಳು ಮೂರು ಅದರಲ್ಲಿ ಸುಟ್ಟುಹೋದವು, ಸೈನಿಕರ ಡೇರೆಗಳೂ ಹೋದವು. ಅದು ಯುದ್ಧನೌಕೆಯೇ ಅಲ್ಲ. ಆದರೂ ಆ ಒಂದು ಹಡಗು ಹೋದದ್ದಕ್ಕೆ ಇಡೀ ಪಡೆಯ ಯೋಜನೆ ಬದಲಾಯಿತು. ಹೆಲಿಕಾಪ್ಟರ್‌ನಲ್ಲಿ ಹೋಗಬೇಕಾಗಿದ್ದ ಸೈನಿಕರು ಸ್ಯಾನ್ ಕಾರ್ಲೋಸ್‌ನಿಂದ ಸ್ಟ್ಯಾನ್ಲಿಯ ಕಡೆಗೆ ಸುಮಾರು 90 ಕಿಲೋಮೀಟರ್ ಜೌಗನ್ನು, ಮೂವತ್ತೈದು ಕಿಲೋಗೂ ಹೆಚ್ಚು ಭಾರ ಹೊತ್ತು ನಡೆದರು. ಅವರ ಪಾದಗಳೂ ಕೊಳೆತವು. ಆದರೆ ಅವರ ಹಿಂದೆ ಅಟ್ಲಾಂಟಿಕ್‌ನ ನಡುವೆ ಇರುವ, ಬ್ರಿಟನ್ನಿನದೇ ಆದ ಅಸೆನ್ಷನ್ ದ್ವೀಪದಿಂದ ಆರಂಭವಾಗುವ ಹಡಗುಗಳ ಸಾಲು ಕಡಿಯಲಿಲ್ಲ. ಪ್ರವಾಸಿಗರ ಹಡಗುಗಳನ್ನೂ, ವ್ಯಾಪಾರದ ಹಡಗುಗಳನ್ನೂ ಸರ್ಕಾರ ವಶಪಡಿಸಿಕೊಂಡು ಆ ಸಾಲಿಗೆ ಸೇರಿಸಿತ್ತು. ಜೂನ್ 14ರಂದು, ಅಲ್ಲಿನ ಚಳಿಗಾಲ ಪೂರ್ತಿ ಕಾಲಿಡುವ ಮೊದಲೇ, ಸ್ಟ್ಯಾನ್ಲಿ ಶರಣಾಯಿತು. ಒಟ್ಟು 649 ಅರ್ಜೆಂಟೀನಿಯನ್ನರು, 255 ಬ್ರಿಟಿಷ್ ಸೈನಿಕರು ಸತ್ತಿದ್ದರು.

‘ಜನವೇ ಇಲ್ಲದ ತೀರ’ ಎಂಬ ನಿಮ್ಮ ಮಾತಿಗೂ ಒಂದು ಉತ್ತರ ಕೊಡಬೇಕು. ಅಲ್ಲಿ ಜನ ಕಡಿಮೆ ಎಂಬುದೇ ದಾಳಿಕೋರನ ಕಷ್ಟ. ಜನವಿದ್ದ ಕಡೆ ಬಾವಿ ಇರುತ್ತದೆ, ಸೂರು ಇರುತ್ತದೆ, ಸಂತೆ ಇರುತ್ತದೆ, ರಸ್ತೆ ಇರುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ಈಗಲೂ ಒಂದು ಊರಿನಿಂದ ಇನ್ನೊಂದು ಊರಿಗೆ ರಸ್ತೆ ಇಲ್ಲ. ದೋಣಿ, ವಿಮಾನ, ಇಲ್ಲವೇ ನಾಯಿಬಂಡಿ. ಹಿಡಿಯುವವನು ತನ್ನ ಮನೆ, ಒಲೆ, ಸೌದೆ, ಆಸ್ಪತ್ರೆ, ಕೊನೆಗೆ ರಸ್ತೆಯನ್ನೂ ಹಡಗಿನಲ್ಲಿಯೇ ಹೊತ್ತು ತರಬೇಕು. ಒಂದು ಬಿಡಿ ಗಾಲಿ ಸಿಗದಿದ್ದರೂ ಕೊಳ್ಳಲು ಪಕ್ಕದ ಊರೆಂಬುದು ಇಲ್ಲ. ಇರುವ ಕೆಲವರು ಮಾತ್ರ ಆ ನೆಲವನ್ನು ಬಲ್ಲರು. ಎರಡನೆಯ ಮಹಾಯುದ್ಧದಲ್ಲಿ ಗ್ರೀನ್‌ಲ್ಯಾಂಡಿನ ಪೂರ್ವ ತೀರದಲ್ಲಿ ಜರ್ಮನರು ಗುಟ್ಟಾಗಿ ಹವಾಮಾನ ಕೇಂದ್ರ ಇಟ್ಟಿದ್ದರು. ಯೂರೋಪಿನ ಹವೆ ಆ ಕಡೆಯಿಂದ ಬರುವುದರಿಂದ ಅದರ ಮುನ್ಸೂಚನೆ ಅವರಿಗೆ ಬೇಕಾಗಿತ್ತು. 1943ರಲ್ಲಿ ಅದನ್ನು ಪತ್ತೆ ಹಚ್ಚಿದ್ದು ನಾಯಿಬಂಡಿಗಳಲ್ಲಿ ಆ ಉದ್ದನೆಯ ತೀರವನ್ನು ಸುತ್ತುತ್ತಿದ್ದ ಬೆರಳೆಣಿಕೆಯ ಕಾವಲುಗಾರರು.

ಅಟ್ಟುವಿನ ಆ ನಲವತ್ತು ಚಿಲ್ಲರೆ ಜನರನ್ನು ಮರೆತು ಮುಂದೆ ಹೋಗಲಾರೆ. ಜಪಾನಿನವರು ಅವರನ್ನು ಹೊಕ್ಕೈಡೋದ ಒಟಾರು ಎಂಬ ಊರಿಗೆ ಕರೆದೊಯ್ದರು. ಯುದ್ಧ ಮುಗಿಯುವ ಹೊತ್ತಿಗೆ ಅವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಹಸಿವು, ಕಾಯಿಲೆಗಳಿಂದ ಸತ್ತಿದ್ದರು. ಉಳಿದವರಿಗೆ ಮತ್ತೆ ಅಟ್ಟುವಿನಲ್ಲಿ ನೆಲೆಸುವ ಅವಕಾಶ ಸಿಗಲಿಲ್ಲ, ಆ ಊರು ಇವತ್ತಿಗೂ ಹಾಳು ಬಿದ್ದಿದೆ. ಹೋದ ಸಂಚಿಕೆಯಲ್ಲಿ ಅವರ ಬಗ್ಗೆಯೂ ಒಂದು ಸಾಲಿರಲಿಲ್ಲ.

ಇಷ್ಟು ದೂರದ ಮಾತಾಡಿದ ಮೇಲೆ ನಿಮ್ಮೂರಿನ ಮಾತಾಡದಿದ್ದರೆ ತಪ್ಪಾಗುತ್ತದೆ. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದ, ಅರಕೆರೆಯ ಬಳಿ ಕಾಳಗವನ್ನೂ ಗೆದ್ದ. ಆದರೆ ಮಳೆ ಹಿಡಿದಿತ್ತು, ಎತ್ತುಗಳು ಸಾಲುಸಾಲಾಗಿ ಸತ್ತವು, ಕಾಳು ಮುಗಿಯಿತು. ಎಳೆಯಲು ಎತ್ತಿಲ್ಲದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ. ಮರುವರ್ಷ ಬಂದಾಗ ಅವನ ಜೊತೆ ಸಾವಿರಾರು ಎತ್ತುಗಳ ಮೇಲೆ ಕಾಳು ಹೇರಿಕೊಂಡ ಬಂಜಾರರಿದ್ದರು. ನಮ್ಮ ಕಡೆಯ ತಾಂಡಾಗಳ ಹಿರಿಯರು ಈಗಲೂ ಹೇಳುವ ಹೇರೆತ್ತಿನ ಕಾಲ ಅದು. ಇನ್ನು ಚಳ್ಳಕೆರೆಯ ಸುತ್ತಲಿನ ಅಮೃತಮಹಲ್ ಕಾವಲುಗಳನ್ನು ನೀವು ದಿನವೂ ನೋಡುತ್ತೀರಿ. ಮೈಸೂರಿನ ಅರಸರೂ ಹೈದರ್, ಟಿಪ್ಪು ಅವರೂ ಅಷ್ಟು ನೆಲವನ್ನು ಹುಲ್ಲಿಗೆಂದು ಬಿಟ್ಟದ್ದು ಫಿರಂಗಿ ಎಳೆಯುವ, ಸರಂಜಾಮು ಹೊರುವ ಎತ್ತುಗಳಿಗಾಗಿ. ನಿಮ್ಮ ಮಗ ಓಡಿಸುವ ಲಾರಿಯ ಪೂರ್ವಜರು ಮೇದದ್ದು ಅಲ್ಲಿಯೇ ಎಂದರೆ ಅತಿಶಯವಾಗಲಾರದು.

ನಿಮ್ಮ ಪತ್ರ ಬಂದ ಮರುದಿನ ಬೆಳಿಗ್ಗೆ ದುರ್ಗದ ಕೋಟೆ ಹತ್ತಿದೆ. ಬಂದವರಿಗೆಲ್ಲ ಓಬವ್ವನ ಕಿಂಡಿ ತೋರಿಸಿ ಕಥೆ ಹೇಳಿದವನು ನಾನು. ಗಂಡ ಊಟಕ್ಕೆ ಕುಳಿತಿದ್ದ, ಕುಡಿಯಲು ನೀರು ತರಲೆಂದು ಅವಳು ಕೊಡ ಹಿಡಿದು ಹೊರಟಿದ್ದಳು, ಆಗ ಕಿಂಡಿಯಲ್ಲಿ ಹೈದರನ ಸೈನಿಕರ ಸದ್ದು ಕೇಳಿಸಿತು. ಒನಕೆಯವರೆಗೆ ಬಂದು ನನ್ನ ದನಿ ಏರುತ್ತಿತ್ತು, ಕೊಡವನ್ನು ಮಾತ್ರ ಎಷ್ಟೋ ಸಲ ಬಿಟ್ಟೇ ಹೇಳಿದ್ದೇನೆ. ಈ ಸಲ ಕಿಂಡಿಯ ಹತ್ತಿರ ನಿಲ್ಲದೆ ಅಕ್ಕ ತಂಗಿ ಹೊಂಡ, ತುಪ್ಪದ ಕೊಳ, ಎಣ್ಣೆ ಕೊಳಗಳನ್ನು ನೋಡಿಕೊಂಡು ಇಳಿದೆ.

ಲಡಾಖ್ ಕರಾವಳಿಯಲ್ಲ, ಆದರೂ ನಿಮ್ಮ ಮಗನ ಕೆಲಸ ಮೇಲೆ ಹೇಳಿದ ಎಲ್ಲರ ಕೆಲಸವೇ. ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ದಾರಿಯ ಜೋಜಿ ಲಾ ಕಣಿವೆ ಹಿಮದಲ್ಲಿ ಮುಚ್ಚಿಕೊಳ್ಳುವ ಮೊದಲು ಇಡೀ ಚಳಿಗಾಲದ ಅಕ್ಕಿ, ಸೀಮೆಎಣ್ಣೆ, ಔಷಧಿ, ಉಣ್ಣೆ ಬಟ್ಟೆ ಮೇಲೆ ಸೇರಬೇಕು. ಸಿಯಾಚಿನ್‌ನಲ್ಲಿ 1984ರಿಂದ ನಮ್ಮವರು ನಿಂತಿದ್ದಾರೆ. ಅಲ್ಲಿ ಗುಂಡಿಗಿಂತ ಹವೆಗೆ, ಹಿಮಕುಸಿತಕ್ಕೆ ಬಲಿಯಾದವರೇ ಹೆಚ್ಚು. ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು 2016ರ ಫೆಬ್ರವರಿಯಲ್ಲಿ ಆರು ದಿನಗಳ ನಂತರ ಹಿಮದಡಿಯಿಂದ ಜೀವಂತವಾಗಿ ಹೊರತೆಗೆದಾಗ ಇಡೀ ನಾಡು ಉಸಿರು ಬಿಗಿಹಿಡಿದು ಕಾದಿತ್ತು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಇದನ್ನು ನಿಮಗೆ ಬರೆಯಬೇಕೋ ಬೇಡವೋ ಎಂದು ಬಹಳ ಹಿಂದೆ ಮುಂದೆ ನೋಡಿದೆ. ನೀವು ನನಗಿಂತ ಚೆನ್ನಾಗಿ ಬಲ್ಲ ವಿಷಯವನ್ನು ಮುಚ್ಚಿಟ್ಟು ಬರೆಯುವುದು ಸರಿಯೆನಿಸಲಿಲ್ಲ.

ಈ ಸಂಚಿಕೆಯ ಮೂರನೆಯ ಪುಟದಲ್ಲಿ ತಿದ್ದುಪಡಿ ಹಾಕಿದ್ದೇವೆ. ‘ಸೈನ್ಯಗಳನ್ನು ಸೋಲಿಸಿದ್ದು ಚಳಿ’ ಎಂಬುದನ್ನು ತೆಗೆದು, ‘ಸರಂಜಾಮು ತಲುಪದ ಸೈನ್ಯಗಳು ಚಳಿಯಲ್ಲಿ ಸೋತವು’ ಎಂದು ಓದಿಕೊಳ್ಳಬೇಕೆಂದು ಕೋರಿದ್ದೇವೆ. ನಿಮ್ಮ ಮಗ ರಜೆಗೆ ಊರಿಗೆ ಬಂದಾಗ, ಅವರಿಗೆ ಒಪ್ಪಿಗೆಯಿದ್ದರೆ, ಸೇನೆಯ ನಿಯಮ ಮೀರದಷ್ಟು ವಿಷಯವನ್ನು, ಘಟ್ಟದ ಮೇಲೆ ಲಾರಿ ಓಡಿಸುವುದು ಹೇಗಿರುತ್ತದೆ ಎಂಬುದನ್ನು ನಮಗೆ ಬರೆದುಕೊಡಲಿ. ಬರೆಯಲು ಬಿಡುವಿಲ್ಲವೆಂದರೆ ನಾನೇ ಚಳ್ಳಕೆರೆಗೆ ಬಂದು, ಅವರು ಹೇಳಿದಂತೆ ಬರೆದುಕೊಳ್ಳುತ್ತೇನೆ. ನಾಲ್ಕು ಪುಟ ಅವರಿಗೆಂದು ತೆಗೆದಿಟ್ಟಿರುತ್ತೇನೆ.